ಮೇಕೆಯ ನಾಲ್ಕನೆಯ ಹೊಟ್ಟೆ

ಕಳೆದ ತಿಂಗಳು ಪದವಿ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆ ನಡೆಸಿಕೊಡಲು ಚಿತ್ರದುರ್ಗಕ್ಕೆ ಹೋಗಿದ್ದೆ. ಏಳೆಂಟು ವರ್ಷದ ಹಿಂದೆ ನಾನು ಪಿಎಚ್.ಡಿ. ಕೆಲಸ ಮಾಡಿದ ಕಾಲೇಜೇ ಅದು. ಪರೀಕ್ಷೆ ಮುಗಿಸಿ ಸಂಜೆ ಬಸ್ ಸ್ಟ್ಯಾಂಡಿಗೆ ಹೊರಟಾಗ, ಮುಖ್ಯ ರಸ್ತೆಗೆ ಕಾಂಕ್ರೀಟ್ ಹಾಕುತ್ತಿದ್ದಾರೆಂದು ಆಟೋದವನು ಮಟನ್ ಅಂಗಡಿಗಳ ಬೀದಿಗೆ ತಿರುಗಿಸಿದ. ಅಂಗಡಿಗಳು ಮುಚ್ಚಿದ್ದವು. ವ್ಯಾಪಾರ ಮುಗಿಸಿ ತೊಳೆದ ಕಲ್ಲುಹಾಸಿನ ಮೇಲೆ ನೀರು ಇನ್ನೂ ಆರಿರಲಿಲ್ಲ. ರಕ್ತ, ಸೋಪಿನ ಪುಡಿ, ಮೇಕೆಯ ಹಿಕ್ಕೆ, ಕರಗಿದ ಐಸು, ಎಲ್ಲ ಸೇರಿದ ವಾಸನೆ ಆಟೋದೊಳಗೆ ನುಗ್ಗಿತು. ಆಟೋದವನು ಟವೆಲ್ಲನ್ನು ಮೂಗಿಗೆ ಹಿಡಿದು, “ಒಂದ್ ನಿಮಿಷ ಮೇಡಂ, ದಾಟಿಸ್ಬಿಡ್ತೀನಿ” ಎಂದ.

“ನಿಧಾನಕ್ಕೆ ಹೋಗಪ್ಪ” ಎಂದೆ.

ಆ ಬೀದಿಯ ಕೊನೆಯಿಂದ ಮೂರನೆಯ ಅಂಗಡಿ ಗೌಸ್ ಚಾಚಾ ಅವರದಾಗಿತ್ತು. ಒಂದು ಬೇಸಿಗೆ ಪೂರ್ತಿ, ಬೆಳಗ್ಗೆ ಆರು ಗಂಟೆಗೆ, ನಾನು ಆ ಅಂಗಡಿಯ ಮುಂದೆ ಇರುತ್ತಿದ್ದೆ. ಮಾಂಸ ಕೊಳ್ಳಲಿಕ್ಕಲ್ಲ, ನಾವು ಮಾಂಸ ತಿನ್ನುವವರಲ್ಲ. ನನಗೆ ಬೇಕಾಗಿದ್ದದ್ದು ಮೇಕೆಯ ಹೊಟ್ಟೆ.

ಮೇಕೆಗೆ ನಾಲ್ಕು ಕೋಣೆಗಳ ಹೊಟ್ಟೆ. ಮೊದಲ ಮೂರರಲ್ಲಿ ಸೊಪ್ಪು ನೆನೆದು, ಹುದುಗಿ, ಮೆತ್ತಗಾಗುತ್ತದೆ. ನಾಲ್ಕನೆಯದೇ ನಮ್ಮ ನಿಮ್ಮದರಂಥ ಜಠರ. ಅದರ ಒಳಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಕೆಲವು ಜೀವಕೋಶಗಳಿವೆ. ಅವು ಹುಳಿರಸ ಸುರಿಸುವುದಿಲ್ಲ, ತಿಂದದ್ದನ್ನು ಅರೆಯುವುದೂ ಇಲ್ಲ. ಅವು ಹಸಿವನ್ನು ತಯಾರಿಸುತ್ತವೆ. ಗ್ರೆಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಟ್ಟು, ಹೊಟ್ಟೆ ಖಾಲಿಯಾಗಿದೆ ಎಂದು ಮೆದುಳಿಗೆ ತಿಳಿಸುತ್ತವೆ. ಆದರೆ ಆ ಹಾರ್ಮೋನು ಒಂದೇ ಏಟಿಗೆ ಸಿದ್ಧವಾಗುವುದಿಲ್ಲ. ಕೋಶ ಮೊದಲು ಮಣಿಸರದಂಥ ಒಂದು ಉದ್ದನೆಯ ಪ್ರೋಟೀನನ್ನು ಪೋಣಿಸುತ್ತದೆ. ಸರ ಹಾಗೆಯೇ ಉಳಿದರೆ ಯಾವ ಕೆಲಸಕ್ಕೂ ಬಾರದು. ಅದರ ಒಂದು ಮಣಿಗೆ ಸಣ್ಣದೊಂದು ಕೊಬ್ಬಿನ ಬಾಲ ಅಂಟಬೇಕು. ಕತ್ತರಿಯ ಕೆಲಸ ಮಾಡುವ ಇನ್ನೊಂದು ಪ್ರೋಟೀನು ಬಂದು ಸರವನ್ನು ಸರಿಯಾದ ಜಾಗದಲ್ಲಿ ತುಂಡರಿಸಬೇಕು. ಮೇಕೆಯಲ್ಲಿ ಕೊನೆಗೆ ಉಳಿಯುವುದು ಇಪ್ಪತ್ತೇಳು ಮಣಿಗಳ ಒಂದು ಚೂರು. ಆ ಚೂರು ಮೆದುಳು ಮುಟ್ಟಿದರೆ ಹಸಿವು.

ಮೇವು ತಿಂದ ಮೇಕೆಯಲ್ಲಿ, ಹಸಿದ ಮೇಕೆಯಲ್ಲಿ ಈ ಕತ್ತರಿ ಕೆಲಸ ಬೇರೆ ಬೇರೆ ರೀತಿ ನಡೆಯುತ್ತದೆಯೇ ಎಂಬುದು ನನ್ನ ಸಂಶೋಧನೆಯ ವಿಷಯ. ಆಗ ನನಗೆ ಇಪ್ಪತ್ತೆಂಟು ವರ್ಷ. ಆದಿವಾಲದ ನಮ್ಮ ಮನೆಯಿಂದ ದುರ್ಗಕ್ಕೆ ಬಂದು ಕಾಲೇಜಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ.

ಮೊದಲು ನಾಲ್ಕು ಅಂಗಡಿಗಳಲ್ಲಿ ಕೇಳಿದ್ದೆ. ಒಬ್ಬರು ನಕ್ಕರು. ಇನ್ನೊಬ್ಬರು, ಬೋಟಿ ಬೇಕಾದರೆ ಹತ್ತು ಗಂಟೆಗೆ ಬನ್ನಿ, ತೊಳೆದು ಕೊಡುತ್ತೇವೆ ಎಂದರು. ಹತ್ತು ಗಂಟೆಗೆ ಹೋದರೆ ಪ್ರಯೋಜನವಿರಲಿಲ್ಲ. ಮೇಕೆ ಸತ್ತ ಮೇಲೂ ಕೋಶದೊಳಗಿನ ಕತ್ತರಿಗಳು ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುವುದಿಲ್ಲ. ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಹಾಕುತ್ತವೆ. ಐದು ನಿಮಿಷದೊಳಗೆ ಹೊಟ್ಟೆಯ ತುಂಡು ಐಸಿನಲ್ಲಿರಬೇಕು. ಇದನ್ನೆಲ್ಲ ನಾನು ಗೌಸ್ ಚಾಚಾ ಅವರ ಅಂಗಡಿಯ ಮುಂದೆ ನಿಂತು ಹೇಳುವಾಗ ಅವರು ಚಾಕು ಮಸೆಯುತ್ತಿದ್ದರು. ಅರವತ್ತರ ಆಸುಪಾಸಿನ ಎತ್ತರದ ಆಳು. ಅಗಲವಾದ ಭುಜ, ಬಿಳಿ ಗಡ್ಡ, ತಲೆಯ ಮೇಲೆ ನೂಲಿನ ಟೋಪಿ. ಮಸೆಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡರು.

“ಐದ್ ನಿಮಿಷ ಅಂದ್ರೆ ನೀವು ಹಿಂದ್ಗಡೆ ಅಂಗಳದಾಗೇ ನಿಂತಿರ್ಬೇಕಾಗ್ತೈತೆ ಮೇಡಂ. ನೋಡಕ್ಕಾಗ್ತೈತಾ?”

“ಆಗುತ್ತೆ” ಎಂದೆ.

ಆಗಲಿಲ್ಲ. ಮೊದಲ ದಿನವೇ ಚರಂಡಿಯ ಪಕ್ಕ ಕೂತು ವಾಂತಿ ಮಾಡಿಕೊಂಡೆ. ಅಂಗಡಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿ ಖೈರುನ್ ಚಾಚಿ ಒಂದು ಚೊಂಬು ನೀರು ತಂದು ಕೊಟ್ಟರು. “ಮುಖ ತೊಳ್ಕ ಬೇಟಿ. ನಾಳೆಯಿಂದ ಅಂಗಳಕ್ಕೆ ಬರ್ಬೇಡ. ನಮ್ಮನ್ಯಾಗೆ ಕುಂತ್ಕ, ಅವ್ರೇ ತಂದ್ ಕೊಡ್ತಾರೆ” ಎಂದರು. ಮರುದಿನದಿಂದ ನಾನು ಅವರ ಅಡುಗೆಮನೆಯ ಬಾಗಿಲಲ್ಲಿ ಒಂದು ಮಣೆಯ ಮೇಲೆ, ಪಕ್ಕದಲ್ಲಿ ಐಸು ತುಂಬಿದ ಥರ್ಮೋಕೋಲ್ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದೆ. ಚಾಚಾ ಸ್ಟೀಲಿನ ತಟ್ಟೆಯಲ್ಲಿ ನಾಲ್ಕನೆಯ ಹೊಟ್ಟೆಯನ್ನಷ್ಟೇ ಬೇರೆ ಮಾಡಿ ತರುತ್ತಿದ್ದರು. ಇನ್ನೂ ಬಿಸಿಯಿರುತ್ತಿತ್ತು. ನಾನು ಅದನ್ನು ಬಿಡಿಸಿ, ತೊಳೆದು, ಒಳಪದರದ ಚೂರುಗಳನ್ನು ಕತ್ತರಿಸಿ, ಹೆಸರು ಬರೆದು ಐಸಿಗೆ ಹಾಕಿ, ಸ್ಕೂಟಿಯಲ್ಲಿ ಕಾಲೇಜಿಗೆ ಓಡುತ್ತಿದ್ದೆ.

ಆದಿವಾಲಕ್ಕೆ ಹೋದಾಗ ಅವ್ವ ನನ್ನನ್ನು ನೇರ ಬಚ್ಚಲಿಗೆ ಕಳಿಸುತ್ತಿದ್ದಳು. “ಓದಿ ಓದಿ ಕೊನೆಗೆ ಮೇಕೆ ಹೊಟ್ಟೆಗೆ ಬಂದ್ಯೇನೇ ಸುಜಾತ” ಎಂದು ಒಮ್ಮೆ ಕೇಳಿದಳು. ಅದು ಬೈಗುಳದಂತಿರಲಿಲ್ಲ. ನಿಜಕ್ಕೂ ತಿಳಿಯಬೇಕಾಗಿತ್ತು ಅವಳಿಗೆ.

ಹಸಿದ ಮೇಕೆಗಳೂ ಬೇಕು, ಹಿಂದಿನ ದಿನವೇ ಎರಡನ್ನು ಮೇವು ಹಾಕದೆ ಕಟ್ಟಿಬಿಡಿ ಎಂದು ನಾನು ಸಲೀಸಾಗಿ ಹೇಳಿಬಿಟ್ಟಿದ್ದೆ. ಚಾಚಾ ಒಪ್ಪಲಿಲ್ಲ. “ಕಡಿಯೋ ಪ್ರಾಣಿಗೆ ಮೇವು ನೀರು ಇಲ್ದಂಗೆ ಮಾಡಾದು ನಮ್ಮಲ್ಲಿ ಪಾಪ ಮೇಡಂ. ಹಿರಿಯೂರು ಸಂತೆಯಿಂದ, ಹೊಸದುರ್ಗದ ಕಡೆಯಿಂದ ಗಾಡೀಲಿ ಬರೋ ಮೇಕೆ ದಾರಿಯಾಗೆ ಹಸ್ದಿರ್ತವೆ. ಇಲ್ಲಿಗೆ ಬಂದ್ ಮೇಲೂ ಕೆಲವು ಹೆದ್ರಿ ಸೊಪ್ಪಿಗೆ ಬಾಯೇ ಹಾಕಲ್ಲ. ಅಂಥವ್ನ ತೋರಿಸ್ತೀನಿ, ತಗಳ್ರಿ” ಎಂದರು. ಆಮೇಲೆ ನನ್ನನ್ನು ಮೇಕೆ ಕಟ್ಟುವ ಜಾಗಕ್ಕೆ ಕರೆದುಕೊಂಡು ಹೋಗಿ ಪಾಠ ಮಾಡಿದರು. “ಎಡಗಡೆ ನೋಡ್ರಿ. ಪಕ್ಕೆಲುಬು ಮುಗಿಯೋ ಜಾಗದಾಗೆ ಗುಳಿ ಬಿದ್ದೈತಲ್ಲ, ಇದು ನೆನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಅಲ್ಲಿ ಕರೇದು ಐತೆ ನೋಡ್ರಿ, ಗುಳಿ ತುಂಬ್ಕಂಡೈತೆ. ಅದು ಈಗಿನ್ನ ಮೇದೈತೆ.”

ಹೊಟ್ಟೆ ಬಿಡಿಸಿದಾಗ ಅವರು ಹೇಳಿದಂತೆಯೇ ಇರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ.

ನಾನು ಹುಡುಕುತ್ತಿರುವುದು ಏನೆಂದು ಅವರಿಗೆ ವಿವರಿಸಿದ್ದು ಮಾರ್ಚ್ ತಿಂಗಳಲ್ಲಿರಬೇಕು. ಉದ್ದನೆಯ ಸರ, ಕತ್ತರಿ, ಉಳಿಯುವ ಚೂರು, ಎಲ್ಲವನ್ನೂ ಚಾಚಿಯ ಬಳಿ ಒಂದು ನೂಲುಂಡೆ ಇಸಿದುಕೊಂಡು ತೋರಿಸಿದೆ. ಚಾಚಾ ತಟ್ಟೆಯಲ್ಲಿದ್ದ ಹೊಟ್ಟೆಯ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. “ನಲವತ್ತು ವರ್ಷದಾಗೆ ಈ ಕೈಯಾಗೆ ಎಷ್ಟ್ ಹೊಟ್ಟೆ ತೊಳ್ದೀನೋ. ಹಸಿವು ಇದ್ರೊಳ್ಗೆ ತಯಾರಾಗ್ತೈತೆ ಅಂತ ಗೊತ್ತಿರ್ಲಿಲ್ಲ” ಎಂದರು. ಸ್ವಲ್ಪ ಹೊತ್ತು ನೋಡಿ, “ಇಷ್ಟು ಸಣ್ಣದ್ರಾಗೆ ಅಲ್ಲಾ ಎಷ್ಟು ಕೆಲ್ಸ ಇಟ್ಟಾನೆ” ಎಂದು ಹೆಂಡತಿಗೆ ಹೇಳಿದರು. ಅಲ್ಲಿಂದಾಚೆ ಅವರು ಆ ತುಂಡನ್ನು ನನ್ನ ಮುಂದೆ ಇಡುವ ರೀತಿಯೇ ಬದಲಾಯಿತು. ಮೊದಲು ತಟ್ಟೆ ಇಟ್ಟು ಹೋಗುತ್ತಿದ್ದವರು ಈಗ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು.

ದುರ್ಗದ ಬೇಸಿಗೆ ಬಂಡೆಯ ಬೇಸಿಗೆ. ಹಗಲೆಲ್ಲ ಕಾದ ಕೋಟೆಗುಡ್ಡ ಸಂಜೆಯಾದರೂ ಊರಿನ ಮೇಲೆ ಬಿಸಿ ಬಿಡುತ್ತಲೇ ಇರುತ್ತದೆ. ಆ ವರ್ಷ ಏಪ್ರಿಲ್‌ನಲ್ಲಿ ಬೀಳಬೇಕಾದ ಒಂದೆರಡು ಮಳೆಯೂ ಬೀಳಲಿಲ್ಲ. ಮೇ ತಿಂಗಳ ಮೊದಲ ವಾರ ಕಾಲೇಜಿನ ಹತ್ತಿರದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಒಂದೂವರೆ ದಿನ ಕರೆಂಟಿಲ್ಲ. ನಾನು ಅವ್ವನನ್ನು ನೋಡಲು ಊರಿಗೆ ಹೋಗಿದ್ದೆ. ಬಂದು ಫ್ರೀಜರ್ ತೆರೆದಾಗ, ಎರಡು ತಿಂಗಳಿಂದ ಕೂಡಿಟ್ಟ ನೂರಾರು ಚೂರುಗಳು ಕರಗಿ, ಬಣ್ಣಗೆಟ್ಟು, ವಾಸನೆ ಹಿಡಿದಿದ್ದವು. ನನ್ನ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಮುಂದಿನ ವರ್ಷ ನಿವೃತ್ತರಾಗುವವರು. ಫ್ರೀಜರಿನ ಒಳಗೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

ಮರುದಿನ ಬೆಳಗ್ಗೆ ಚಾಚಿಯ ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತೆ.

“ಹೋಗ್ಲಿ ಬಿಡ್ರಿ” ಎಂದರು ಚಾಚಾ. “ಮೇಕೆ ಹುಟ್ಟಾದೇನು ನಿಂತಿಲ್ಲ. ಮುಂದಿನ ವಾರ ರಂಜಾನ್ ಶುರು, ಅಂಗ್ಡೀಲಿ ಕೆಲ್ಸ ಜಾಸ್ತಿ. ದಿನಾ ಬರ್ರಿ. ಒಂದು ತಿಂಗ್ಳಾಗೆ ಎಲ್ಲಾ ವಾಪಸ್ ಕೂಡಿಸಾಣ.”

ಹಾಗಾಗಿ ಆ ರಂಜಾನ್ ತಿಂಗಳಿಡೀ ನಾನು ಒಂದು ದಿನವೂ ತಪ್ಪಿಸದೆ ಅಲ್ಲಿಗೆ ಹೋದೆ. ನನ್ನ ಕಣ್ಣು, ಕಿವಿ, ತಲೆ, ಎಲ್ಲ ಹೋದ ಚೂರುಗಳನ್ನು ಮತ್ತೆ ಕೂಡಿಸುವುದರ ಮೇಲೆಯೇ ಇತ್ತು. ಈಗ ನೆನಪು ಮಾಡಿಕೊಂಡರೆ ಎಲ್ಲವೂ ಕಾಣುತ್ತದೆ. ಆಗ ನೋಡಿದ್ದೆ, ಕಾಣಲಿಲ್ಲ.

ಚಾಚಾ ನಿಂತು ಮಾಡುತ್ತಿದ್ದ ಕೆಲಸವನ್ನು ಕೂತು ಮಾಡತೊಡಗಿದ್ದರು. ಅವರ ಅಂಗಿ ಭುಜದಿಂದ ಕೆಳಗೆ ಜಾರಿದಂತೆ ತೋರುತ್ತಿತ್ತು. ನಸುಕಿಗೆ ಮುಂಚೆ ಉಣ್ಣುವ ಸಹರಿ ಊಟದಲ್ಲಿ ಇವರು ಒಂದು ರೊಟ್ಟಿಯನ್ನೂ ಮುಗಿಸುವುದಿಲ್ಲ ಎಂದು ಚಾಚಿ ಗೊಣಗುತ್ತಿದ್ದರು. ಗಂಡಂದಿರ ಬಗ್ಗೆ ಹೆಂಡಂದಿರು ಗೊಣಗುವುದು ಇದ್ದದ್ದೇ ಎಂದುಕೊಂಡೆ. ಮೇಕೆಯ ಪಕ್ಕೆಯ ಗುಳಿ ನೋಡಿ ಹಸಿವು ಹೇಳುವುದನ್ನು ಅವರಿಂದಲೇ ಕಲಿತಿದ್ದ ನಾನು, ಅವರ ಕೆನ್ನೆಯಲ್ಲಿ ಬಿದ್ದ ಗುಳಿಯನ್ನು ರಂಜಾನಿನ ಉಪವಾಸದ್ದೆಂದು ತಿಳಿದೆ.

“ಈ ಬಿಸಿಲಾಗೆ ರೋಜಾ ಕಷ್ಟ ಅಲ್ವಾ ಚಾಚಾ?” ಎಂದು ಮೊದಲ ವಾರವೇ ಕೇಳಿದ್ದೆ.

“ನೀರಿಂದು ಕಷ್ಟ. ಹಸಿವಿಂದು ಈ ಸಲ ಹೂ ಎತ್ತಿದಂಗೈತೆ ಮೇಡಂ. ಸಂಜೆ ಒಂದು ಖರ್ಜೂರ, ಎರಡು ಚಮಚ ಗಂಜಿ, ಸಾಕೇ ಸಾಕು. ಅಲ್ಲಾ ಸಲೀಸು ಮಾಡ್ಯಾನೆ.”

ನಾನು ಚೀಟಿಯ ಮೇಲೆ ಮೇಕೆಯ ಸಂಖ್ಯೆ ಬರೆಯುತ್ತಿದ್ದೆ. “ಒಳ್ಳೇದಾಯ್ತಲ್ಲ ಚಾಚಾ” ಎಂದೆ, ತಲೆ ಎತ್ತದೆ.

ರಂಜಾನಿನ ಹದಿನೈದನೆಯ ದಿನವೋ ಹದಿನಾರನೆಯದೋ ಇರಬೇಕು. ಅವತ್ತು ಒಳ್ಳೆಯ ತುಂಡುಗಳು ಸಿಕ್ಕಿದ್ದವು, ನಾನು ಹುರುಪಿನಲ್ಲಿದ್ದೆ. ಚಾಚಾ ತಟ್ಟೆ ಕೊಟ್ಟವರು ಅಂಗಡಿಗೆ ವಾಪಸು ಹೋಗದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

“ಮೇಡಂ, ಆ ಕತ್ರಿ ಕೆಲ್ಸ ಮಾಡಾದು ನಿಲ್ಸಿದ್ರೆ ಏನಾಗ್ತೈತೆ?”

ನನ್ನ ವಿಷಯದ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದರೆ ಅದಕ್ಕಿಂತ ಸಂತೋಷ ಆಗ ನನಗೆ ಬೇರೆ ಇರಲಿಲ್ಲ. “ಉದ್ದನೆ ಸರ ಹಂಗೇ ಕೋಶದೊಳಗೆ ಉಳ್ಕಳುತ್ತೆ ಚಾಚಾ. ಹೊಟ್ಟೆ ಖಾಲಿ ಐತೆ ಅನ್ನೋ ಸುದ್ದಿ ಮೆದುಳಿಗೆ ಹೋಗಲ್ಲ.”

“ಅಂದ್ರೆ ಹಸಿವಾಗಲ್ಲ.”

“ಕಮ್ಮಿ ಆಗ್ಬಹುದು.”

“ಅದು ಮನುಷ್ಯರಿಗೂ ಆಗ್ತೈತಾ?”

“ವಯಸ್ಸಾದಂಗೆ ಎಲ್ಲರಿಗೂ ಹಸಿವು ಕಮ್ಮಿ ಆಗುತ್ತೆ ಚಾಚಾ, ಅದು ಸಹಜ. ಕತ್ತರಿ ಸ್ವಲ್ಪ ಮೊಂಡಾಗುತ್ತೆ, ಅಷ್ಟೇ.”

ಅವರು ನಕ್ಕರು. ದಿನಾ ಚಾಕು ಮಸೆಯುವವರಿಗೆ ಆ ಮಾತು ಹಿಡಿಸಿತು. “ಮೊಂಡಾಗ್ತೈತೆ” ಎಂದು ತಮ್ಮಷ್ಟಕ್ಕೇ ಇನ್ನೊಮ್ಮೆ ಹೇಳಿಕೊಂಡು ಅಂಗಡಿಗೆ ಹೋದರು. ನನಗೂ ಆ ಮಾತಿನ ಬಗ್ಗೆ ಹೆಮ್ಮೆ ಅನ್ನಿಸಿತು. ಕಾಲೇಜಿಗೆ ಹೋಗಿ ಮೇಷ್ಟ್ರಿಗೂ ಹೇಳಿದೆ, ಅವರೂ ನಕ್ಕರು. ಅದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಬಾಯಿಗೆ ಬಂತು, ಆಡಿದೆ.

ರಂಜಾನ್ ಹಬ್ಬದ ದಿನ ಚಾಚಿ ನನ್ನನ್ನು ಕರೆದು ಶೀರ್ ಕುರ್ಮಾ ಕೊಟ್ಟರು. ಹಾಲು, ಶಾವಿಗೆ, ಖರ್ಜೂರ; ತಿನ್ನಲು ನನಗೇನೂ ಅಡ್ಡಿಯಿರಲಿಲ್ಲ. ಹೊಳಲ್ಕೆರೆಗೆ ಕೊಟ್ಟಿದ್ದ ಅವರ ಮಗಳು ಶಬಾನಾ ಬಂದಿದ್ದಳು. ಚಾಚಾ ಹೊಸ ಜುಬ್ಬಾ ಹಾಕಿಕೊಂಡು ಬಂದವರಿಗೆಲ್ಲ ತಾವೇ ಬಟ್ಟಲು ಕೊಡುತ್ತಿದ್ದರು. ತಾವು ಮಾತ್ರ ತೆಗೆದುಕೊಳ್ಳಲಿಲ್ಲ. “ನೀವು ತಿನ್ನಿ ಚಾಚಾ” ಎಂದರೆ, “ಆಮೇಲೆ, ಆಮೇಲೆ. ನೀವು ತಗಳ್ರಿ” ಎಂದರು.

ಅಷ್ಟೊತ್ತಿಗೆ ನನಗೆ ಬೇಕಾದ ಚೂರುಗಳು ಸೇರಿದ್ದವು. ಬೆಳಗ್ಗೆ ಎದ್ದು ಆ ಬೀದಿಗೆ ಹೋಗುವ ಅಗತ್ಯ ಮುಗಿಯಿತು. ಜೂನ್ ಕಳೆದು ಜುಲೈನ ಬಹುಭಾಗವನ್ನೂ ನಾನು ಪ್ರಯೋಗಾಲಯದ ಒಳಗೇ ಕಳೆದೆ. ಹೊರಗೆ ಮೋಡ ಕಟ್ಟುತ್ತಿತ್ತು, ತುಂತುರು ಹನಿಸಿ ಹೋಗುತ್ತಿತ್ತು. ಚೂರುಗಳನ್ನು ಅರೆದು, ಅದರೊಳಗಿನ ಪ್ರೋಟೀನನ್ನು ಬೇರ್ಪಡಿಸಿ, ಕತ್ತರಿಸಿದ್ದು ಎಷ್ಟು, ಕತ್ತರಿಸದೆ ಉಳಿದದ್ದು ಎಷ್ಟು ಎಂದು ನೋಡುತ್ತಿದ್ದೆ. ಜುಲೈ ಕೊನೆಗೆ ಒಂದು ದಿನ, ಚಾಚಾ ಅವರಿಗೆ ಸುದ್ದಿ ಹೇಳಿ ಬರೋಣವೆಂದು ಹೋದೆ. ಅಂಗಡಿಯ ಬಾಗಿಲು ಹಾಕಿತ್ತು. ಪಕ್ಕದ ಅಂಗಡಿಯವರು ಹೇಳಿದರು: “ಗೌಸ್ ಭಾಯ್ ದಾವಣಗೆರೆ ಆಸ್ಪತ್ರ್ಯಾಗೆ ಅವ್ರೆ ಮೇಡಂ. ಹೊಟ್ಟೆ ಆ‍ಪರೇಷನ್.”

ಹೊಟ್ಟೆ ಎಂಬ ಮಾತು ಕೇಳಿದ ಕೂಡಲೇ ನನಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಅವರು ನೆನಪಾದರು. ದಾವಣಗೆರೆಯ ಬಸ್ಸಿನಲ್ಲಿ ಕೂತು ಅವರ ಒಂದೊಂದು ಮಾತನ್ನೂ ಮತ್ತೆ ಕೇಳಿಸಿಕೊಂಡೆ. ಅವರು ಕೇಳಿದ ಕ್ರಮದಲ್ಲೇ, ಅವರದೇ ದನಿಯಲ್ಲಿ.

ಆಸ್ಪತ್ರೆಯ ಪಡಸಾಲೆಯಲ್ಲಿ ಚಾಚಿ ಒಂದು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಸರಿದು ಜಾಗ ಬಿಟ್ಟರು. ಜುಲೈ ಮೊದಲಲ್ಲಿ ಚಾಚಾ ಕಪ್ಪಗೆ ವಾಂತಿ ಮಾಡಿಕೊಂಡರಂತೆ. ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದಾಗ ಜಠರದಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್. ತೆಗೆಯೋಣವೆಂದು ಹೊಟ್ಟೆ ತೆರೆದಾಗ ಅದು ಜಠರ ದಾಟಿ ಪಿತ್ತಜನಕಾಂಗಕ್ಕೂ ಹರಡಿತ್ತು. ಹಾಗೆಯೇ ಮುಚ್ಚಿದ್ದರು.

“ಮೂರು ತಿಂಗ್ಳಿಂದ ಬಡ್ಕಂತಿದ್ದೆ ಬೇಟಿ, ಡಾಕ್ಟ್ರಿಗೆ ತೋರಿಸಾಣ ನಡೀರಿ ಅಂತ” ಎಂದರು ಚಾಚಿ. “ರಂಜಾನ್ದಾಗ ಒಂದಿನ ಹಟ ಮಾಡ್ದೆ. ಶಬಾನಾಗೆ ಫೋನ್ ಮಾಡಿ ಕರಿಸ್ತೀನಿ, ಅವ್ಳೇ ಕರ್ಕಂಡ್ ಹೋಗ್ಲಿ ಅಂದೆ. ಅವತ್ತು ಅಂಗ್ಡಿಯಿಂದ ನಕ್ಕಂಡು ಒಳಗೆ ಬಂದ್ರು. ‘ಹೊಟ್ಟೆ ಬಗ್ಗೆ ಓದಿರೋ ಮೇಡಂನ ಕೇಳ್ದೆ. ವಯಸ್ಸಾತು, ಕತ್ರಿ ಮೊಂಡಾಗೈತೆ, ಅಷ್ಟೇ ಅಂತೆ’ ಅಂದ್ರು. ನಾನೂ ಸುಮ್ನಾದೆ.”

ಅವರ ದನಿಯಲ್ಲಿ ದೂರು ಇರಲಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತಿದ್ದರು. ದೂರು ಇದ್ದಿದ್ದರೆ ತಡೆದುಕೊಳ್ಳುವುದು ನನಗೆ ಸುಲಭವಾಗುತ್ತಿತ್ತು.

“ಚಾಚಿ, ಅದು ನಾನು ತಿಳಿದು ಹೇಳಿದ್ದಲ್ಲ” ಎಂದೆ. “ಅವರು ತಮ್ಮ ಬಗ್ಗೆ ಕೇಳ್ತಿದಾರೆ ಅಂತ ನನಗೆ ಗೊತ್ತಾಗ್ಲಿಲ್ಲ. ಗೊತ್ತಾಗ್ಬೇಕಿತ್ತು.”

ಚಾಚಿ ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. “ನೀನೇನ್ ಮಾಡ್ತೀಯ ಬೇಟಿ. ನೀನು ಮೇಕೆಗೆ ಓದ್ದೋಳು” ಎಂದರು. ಸಮಾಧಾನಕ್ಕೆಂದೇ ಹೇಳಿದ್ದು.

ಹೊರಡುವ ಮುಂಚೆ ವಾರ್ಡಿನ ವೈದ್ಯರನ್ನು ಹುಡುಕಿ ಕೇಳಿದೆ: ಎರಡು ತಿಂಗಳು ಮೊದಲು ಬಂದಿದ್ದರೆ? ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು ಆಕೆ. ಫೈಲನ್ನು ಇನ್ನೊಮ್ಮೆ ತಿರುವಿ, “ಹೇಳೋಕಾಗಲ್ಲ. ಏನಾದ್ರೂ ಮಾಡಬಹುದಿತ್ತೇನೋ. ಆಗಲೂ ಆಗ್ತಿರಲಿಲ್ಲವೇನೋ” ಎಂದರು. ಸುಳ್ಳು ಹೇಳಬಾರದೆಂದು ಆಕೆ ಹಾಗೆ ಹೇಳಿದರು. ಆ ಎರಡು ‘ಏನೋ’ಗಳ ನಡುವೆ ನಾನು ಇಷ್ಟು ವರ್ಷ ಕಳೆದಿದ್ದೇನೆ.

ಅವರ ಹೊಟ್ಟೆಯ ಆ ಕೋಶಗಳಲ್ಲಿ ನಿಜಕ್ಕೂ ಕತ್ತರಿ ನಿಂತಿತ್ತೋ, ಗಡ್ಡೆಯೇ ಜಾಗ ಆಕ್ರಮಿಸಿ ಎರಡು ತುತ್ತಿಗೇ ಸಾಕೆನಿಸುತ್ತಿತ್ತೋ, ಇನ್ನೇನೋ ಕಾರಣವಿತ್ತೋ, ಯಾರೂ ಅಳೆಯಲಿಲ್ಲ. ಅಳೆಯುವ ಅಗತ್ಯವೂ ಇರಲಿಲ್ಲ. ಹಸಿವು ಹೋಯಿತೆಂದು ಒಬ್ಬ ಮನುಷ್ಯ ಹೇಳಿದರೆ, ಯಾಕೆ, ಯಾವಾಗಿನಿಂದ, ತೂಕ ಇಳಿದಿದೆಯೇ ಎಂದು ಕೇಳಬೇಕು. ಅದಕ್ಕೆ ಪಿಎಚ್.ಡಿ. ಬೇಕಾಗಿಲ್ಲ. ನಮ್ಮ ಅವ್ವ ಆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರೆ ಕೇಳುತ್ತಿದ್ದಳು.

ಆಗಸ್ಟ್ ಎರಡನೆಯ ವಾರ ಚಾಚಾ ಅವರನ್ನು ಮನೆಗೆ ಕರೆದುಕೊಂಡು ಬಂದಿದ್ದರು. ನೋಡಲು ಹೋದೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಹತ್ತಿರ ಮಂಚ ಹಾಕಿದ್ದರು. ಆ ಅಗಲ ಭುಜದ ಮನುಷ್ಯ ಹೊದಿಕೆಯ ಕೆಳಗೆ ಎಲ್ಲಿದ್ದಾರೆಂದು ಹುಡುಕಬೇಕಾಗಿತ್ತು.

“ಬರ್ರಿ ಮೇಡಂ, ಕುಂತ್ಕಳ್ರಿ” ಎಂದರು. “ಕೆಲ್ಸ ಎಲ್ಲಿಗೆ ಬಂತು? ಮೇಕೆ ಏನಂದ್ವು?”

“ಹಸಿದ ಮೇಕೇಲಿ ಕತ್ತರಿಸಿದ ಚೂರು ಜಾಸ್ತಿ ಇರುತ್ತೆ ಅಂದ್ಕಂಡಿದ್ವಿ ಚಾಚಾ. ಅಷ್ಟು ಸ್ಪಷ್ಟವಾಗಿ ಬಂದಿಲ್ಲ. ಕೆಲವುದ್ರಲ್ಲಿ ಹಂಗೇ ಐತೆ, ಕೆಲವುದ್ರಲ್ಲಿ ಇಲ್ಲ.”

“ಅಷ್ಟು ಸುಲಭಕ್ಕೆ ಬಿಟ್ಕೊಡಲ್ಲ ಅವು” ಎಂದರು. ಮಾತಾಡಿ ಆಯಾಸವಾಗಿ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು.

ದಾವಣಗೆರೆಯಿಂದ ಬಸ್ಸಿನಲ್ಲಿ ವಾಪಸು ಬರುವಾಗಲೇ ಕೇಳಬೇಕೆಂದು ನಿರ್ಧರಿಸಿದ್ದೆ. ಕೇಳಿ ಅವರಿಂದ ಬೈಸಿಕೊಂಡರೆ ಹಗುರಾಗಬಹುದೆಂಬ ಆಸೆಯಿತ್ತು ಎಂದು ಈಗ ಅನ್ನಿಸುತ್ತದೆ.

“ಚಾಚಾ, ರಂಜಾನ್‌ನಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ರಿ. ಕತ್ತರಿ ಕೆಲಸ ನಿಲ್ಲಿಸಿದ್ರೆ ಏನಾಗ್ತೈತೆ ಅಂತ. ಅದು ನಿಮ್ಮ ಬಗ್ಗೆ ಕೇಳಿದ್ದಾ?”

ಚಾಚಿ ಒಂದು ಲೋಟ ಹಿಡಿದು ಒಳಬಾಗಿಲಲ್ಲಿ ನಿಂತಿದ್ದರು. ಚಾಚಾ ಅವರನ್ನು ಒಮ್ಮೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಇಲ್ಲ ಮೇಡಂ” ಎಂದರು. “ಮೇಕೆ ಬಗ್ಗೇನೇ ಕೇಳಿದ್ದು.”

“ಮನುಷ್ಯರಿಗೂ ಆಗ್ತೈತಾ ಅಂದ್ರಿ.”

“ಅದು ಮಾತಿಗೆ ಬಂತು, ಕೇಳ್ದೆ. ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ.” ಚಾಚಿ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ನಲವತ್ತು ವರ್ಷ ಆ ಬೀದಿಯಲ್ಲಿ ವ್ಯಾಪಾರ ಮಾಡಿದವರು. ಮೇಕೆಯ ವಯಸ್ಸಿನ ಬಗ್ಗೆ ಕೂಡ ಗಿರಾಕಿಗಳಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನಗೊಂದು ಹೇಳಿದರು. ನಾನು ಅವರ ಕಾಲು ಮುಟ್ಟಿ ಎದ್ದು ಬಂದೆ.

ಬಕ್ರೀದ್‌ಗೆ ನಾಲ್ಕು ದಿನ ಇರುವಾಗ ಚಾಚಾ ತೀರಿಕೊಂಡರು. ನಾನು ಊರಿನಲ್ಲಿದ್ದೆ. ಬೆಳಗ್ಗೆ ಶಬಾನಾ ಫೋನ್ ಮಾಡಿದಳು. ಉಟ್ಟ ಬಟ್ಟೆಯಲ್ಲೇ ಹೊರಟೆ. ಆದಿವಾಲದಿಂದ ಹಿರಿಯೂರು, ಹಿರಿಯೂರಿನಿಂದ ದುರ್ಗ. ಬಸ್ಸು ಸಿಗುವುದು ತಡವಾಗಿ ನಾನು ಹೋಗುವಷ್ಟರಲ್ಲಿ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಮುಖ ಮಾತ್ರ ತೋರಿಸಿದರು. ಮಧ್ಯಾಹ್ನದ ನಮಾಜಿನ ನಂತರ ಗಂಡಸರು ಅವರನ್ನು ಎತ್ತಿಕೊಂಡು ಹೋದರು. ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ಹಬ್ಬಕ್ಕೆಂದು ತಂದು ಕಟ್ಟಿದ್ದ ಮೇಕೆಗಳು ಮಾತ್ರ ಅಲ್ಲಲ್ಲಿ ಕೂಗುತ್ತಿದ್ದವು.

ಹೆಂಗಸರು ಮನೆಯಲ್ಲಿ ಉಳಿದೆವು. ಆ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವ ಹಾಗಿರಲಿಲ್ಲ. ಪಕ್ಕದ ಮನೆಯವರು ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ಬೇಳೆ ಸಾರು ತಂದಿಟ್ಟು ಮುಚ್ಚಳ ಮುಚ್ಚಿ ಹೋದರು. ಯಾರೂ ಅದರ ಹತ್ತಿರ ಹೋಗಲಿಲ್ಲ. ಶಬಾನಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ನಾನು ಚಾಚಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದೆ.

ಬೇಳೆ ಸಾರಿನ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮುಚ್ಚಳ ದಾಟಿ ಬರುತ್ತಿತ್ತು. ನನಗೆ ಹಸಿವಾಯಿತು. ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಯಾವ ಸರ, ಎಲ್ಲಿ ತುಂಡಾಗುತ್ತಿದೆ, ಯಾವ ದಾರಿಯಲ್ಲಿ ಮೇಲೆ ಹೋಗುತ್ತಿದೆ, ಎಲ್ಲ. ಸಾವಿನ ಮನೆಯಲ್ಲಿ, ಆ ಮನುಷ್ಯನ ಮನೆಯಲ್ಲಿ, ನನ್ನ ಹೊಟ್ಟೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆಯಲ್ಲ ಎಂದು ನಾಚಿಕೆಯಾಯಿತು. ಅದು ಒಮ್ಮೆ ಸಣ್ಣಗೆ ಸದ್ದನ್ನೂ ಮಾಡಿತು. ಸೆರಗಿನಿಂದ ಒತ್ತಿ ಹಿಡಿದೆ.

ಚಾಚಿ ತಿರುಗಿ ನೋಡಿದರು. ಬೆಳಗಿನಿಂದ ಅವರು ಯಾರೊಂದಿಗೂ ಮಾತಾಡಿರಲಿಲ್ಲ.

“ಹಸಿವಾಗೈತೇನು ಬೇಟಿ?”

ಇಲ್ಲ ಎನ್ನಬೇಕೆಂದುಕೊಂಡೆ.

“ಆಗೈತೆ ಚಾಚಿ” ಎಂದೆ.

“ಒಳ್ಳೇದು” ಎಂದರು. ಕೈಯೂರಿ ನಿಧಾನಕ್ಕೆ ಎದ್ದು, ಒಂದು ತಟ್ಟೆ ತೊಳೆದು ತಂದು, ಅನ್ನ ಹಾಕಿ ಸಾರು ಸುರಿದು ನನ್ನ ಮುಂದೆ ಇಟ್ಟರು. ನಾನು ಉಂಡೆ. ಅವರು ಎದುರಿಗೆ ಕೂತು, ಒಂದೊಂದು ತುತ್ತು ಬಾಯಿಗೆ ಹೋಗುವುದನ್ನೂ ನೋಡುತ್ತಿದ್ದರು. ತಟ್ಟೆ ಖಾಲಿಯಾದಾಗ ಕೇಳದೆಯೇ ಇನ್ನೊಂದು ಸಲ ಹಾಕಿದರು. ಅದನ್ನೂ ಉಂಡೆ.